ಗೇಮಿಂಗ್ ಕಂಪ್ಯೂಟರ್: ಜೋಡಿಸೋಣವೇ, ಸಿದ್ಧವಾದದ್ದನ್ನೇ ತರೋಣವೇ?

ಹತ್ತನೆಯದೋ ಹನ್ನೆರಡನೆಯದೋ ಪರೀಕ್ಷೆ ಮುಗಿದಾಗ, ಇಲ್ಲವೇ ದೀಪಾವಳಿಯ ಬೋನಸ್ ಕೈಗೆ ಬಂದಾಗ, ನಮ್ಮ ಅನೇಕ ಮನೆಗಳಲ್ಲಿ ಈ ಮಾತು ಏಳುತ್ತದೆ. ಮಗನಿಗೋ ಮಗಳಿಗೋ ಗೇಮಿಂಗ್ ಕಂಪ್ಯೂಟರ್ ಬೇಕು. "ಬ್ರಾಂಡೆಡ್ ಬೇಡ ಅಪ್ಪಾ, ದುಡ್ಡು ದಂಡ. ಪಾರ್ಟ್ಸ್ ತಂದು ನಾವೇ ಜೋಡಿಸೋಣ" ಎನ್ನುವುದು ಮಕ್ಕಳ ವಾದ. "ಜೋಡಿಸಿದ್ದು ಕೆಟ್ಟರೆ ಯಾರನ್ನು ಕೇಳೋದು?" ಎನ್ನುವುದು ಅಪ್ಪನ ಪ್ರಶ್ನೆ. ನೌಕರಿಗೆಂದು ಊರು ಬಿಟ್ಟು ಬಂದು ಪಿಜಿಯಲ್ಲೋ ಬಾಡಿಗೆ ಫ್ಲಾಟಿನಲ್ಲೋ ಇರುವ ಯುವಕರ ತಲೆಯಲ್ಲಿ ಈ ಎರಡು ದನಿಗಳೂ ಒಟ್ಟಿಗೇ ಕೇಳಿಸುತ್ತವೆ.

ಎರಡೂ ಸರಿಯಾದ ಮಾತುಗಳೇ. ಮಹಾನಗರದ ಸಂಸಾರಕ್ಕೆ ಇದು ಚಿಕ್ಕ ಖರ್ಚಲ್ಲ. ಒಂದೆರಡು ತಿಂಗಳ ಮನೆ ಬಾಡಿಗೆ, ಕೆಲವೊಮ್ಮೆ ಒಂದು ಸೆಮಿಸ್ಟರ್ ಫೀಸು ಅದರೊಳಗೆ ಕೂತಿರುತ್ತದೆ. ಆದ್ದರಿಂದ ನಾಲ್ಕು ವಿಡಿಯೊ ನೋಡಿ ತೀರ್ಮಾನಿಸುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ದಾರಿ ಎರಡಲ್ಲ, ಮೂರು

ವಿದೇಶಿ ವಿಡಿಯೊಗಳಲ್ಲಿ ಚರ್ಚೆ ಸಾಮಾನ್ಯವಾಗಿ ಎರಡೇ ದಾರಿಗಳ ಬಗ್ಗೆ ನಡೆಯುತ್ತದೆ: ಕಂಪನಿಯವರು ಸಿದ್ಧಪಡಿಸಿದ್ದನ್ನು ಕೊಳ್ಳುವುದು, ಇಲ್ಲವೇ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವುದು. ನಮ್ಮ ದೇಶದಲ್ಲಿ ಇವುಗಳ ನಡುವೆ ಮೂರನೆಯ ದಾರಿ ಬಹಳ ಹಿಂದಿನಿಂದಲೂ ಇದೆ. ಬಿಡಿಭಾಗಗಳನ್ನು ನೀವೇ ಆರಿಸುತ್ತೀರಿ, ಅಂಗಡಿಯ ಹುಡುಗ ನಿಮ್ಮೆದುರಿಗೇ ಜೋಡಿಸಿಕೊಡುತ್ತಾನೆ. ಎಲ್ಲ ಭಾಗಗಳನ್ನೂ ಒಂದೇ ಕಡೆ ಕೊಂಡರೆ ಜೋಡಣೆಗೆ ಎಷ್ಟೋ ಅಂಗಡಿಗಳು ಹಣವನ್ನೇ ಕೇಳುವುದಿಲ್ಲ.

ಮುಂಬಯಿಯಲ್ಲಿ ಗ್ರಾಂಟ್ ರೋಡ್ ಸ್ಟೇಶನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇಂಥ ಪೇಟೆ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರು ಅದಕ್ಕೆ ಬಂದಿತ್ತು; ಈಗಿನ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಚೆನ್ನೈಯವರಿಗೆ ಮೌಂಟ್ ರೋಡ್ ಬದಿಯ ರಿಚ್ಚಿ ಸ್ಟ್ರೀಟ್, ದಿಲ್ಲಿಯವರಿಗೆ ನೆಹರು ಪ್ಲೇಸ್, ಹೈದರಾಬಾದಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಈ ಪೇಟೆಗಳ ಬಹುತೇಕ ಅಂಗಡಿಗಳಿಗೆ ಭಾನುವಾರ ರಜೆ. ಆದ್ದರಿಂದ ಶನಿವಾರ ಬೆಳಿಗ್ಗೆಯೇ ಹೋದರೆ ಜೋಡಿಸಿ, ಓಡಿಸಿ ನೋಡಿ, ಸಂಜೆಗೆ ಮನೆ ತಲುಪಬಹುದು.

ಜೋಡಿಸಿದ್ದೇ ಅಗ್ಗವೇ?

ಬಹುಕಾಲ ಉತ್ತರ ಸರಳವಾಗಿತ್ತು: ಹೌದು. ಅದೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್ ಬರುತ್ತಿತ್ತು. ಈಗ ಮಾತ್ರ ಕೊಟೇಶನ್ ಎದುರಿಗಿಟ್ಟುಕೊಂಡೇ ಹೇಳಬೇಕು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪುಗಳು ದೊಡ್ಡ ಪ್ರಮಾಣದಲ್ಲಿ ಬೇಕಾಗಿ, ನಮ್ಮಂಥ ಬಿಡಿ ಗಿರಾಕಿಗಳ ಪಾಲು ಕುಗ್ಗಿತು. ನಮ್ಮ ಪೇಟೆಗಳಲ್ಲಿ ಮನೆಮಾತಾಗಿದ್ದ 'ಕ್ರೂಷಿಯಲ್' ಬ್ರಾಂಡಿನ ಬಿಡಿ ಮಾರಾಟವನ್ನೇ ನಿಲ್ಲಿಸುವುದಾಗಿ ಅದರ ಒಡೆಯ ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಇದರಿಂದ ಲೆಕ್ಕ ತಿರುಗಬಹುದು. ದೊಡ್ಡ ಕಂಪನಿಗಳು ಭಾಗಗಳನ್ನು ಸಗಟಾಗಿ, ಮುಂಗಡ ಒಪ್ಪಂದದಲ್ಲಿ ಕೊಳ್ಳುತ್ತವೆ. ಹಳೆಯ ಬೆಲೆಯ ರ‍್ಯಾಮ್ ಹಾಕಿಟ್ಟ ಸಿದ್ಧ ಕಂಪ್ಯೂಟರ್, ಬಿಡಿಭಾಗಗಳ ಮೊತ್ತಕ್ಕಿಂತ ಅಗ್ಗಕ್ಕೆ ಸಿಗುವ ಸಾಧ್ಯತೆ ಉಂಟು. ಹೀಗಾಗಿ ಎರಡೂ ಬೆಲೆಗಳನ್ನು ಒಂದೇ ದಿನ ತೆಗೆದು ಹೋಲಿಸಿ. ಹಾಗೆ ಹೋಲಿಸುವಾಗ ಜೋಡಿಸುವ ಪಟ್ಟಿಯಲ್ಲಿ ಬಿಟ್ಟುಹೋಗುವುದನ್ನೂ ಸೇರಿಸಿ: ಮೂಲ ವಿಂಡೋಸ್ ಲೈಸೆನ್ಸ್, ಕೀಬೋರ್ಡ್, ಮೌಸ್, ಹೆಡ್‌ಫೋನ್, ಯುಪಿಎಸ್. ಮಾನಿಟರ್ ಎರಡು ಕಡೆಯೂ ಬೇರೆಯೇ ಕೊಳ್ಳಬೇಕಾದೀತು.

ಸಿದ್ಧ ಕಂಪ್ಯೂಟರಿನ ಬೆಲೆ ಕಡಿಮೆಯಿದ್ದರೆ ಕಣ್ಣಿಗೆ ಬೀಳದ ಭಾಗಗಳನ್ನು ನೋಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳ ಹೆಸರು ಜಾಹೀರಾತಿನಲ್ಲಿ ದೊಡ್ಡದಾಗಿ ಇರುತ್ತದೆ. ಉಳಿತಾಯ ನಡೆಯುವುದು ಎಸ್‌ಎಂಪಿಎಸ್, ಮದರ್‌ಬೋರ್ಡ್, ಒಂದೇ ಕಡ್ಡಿ ರ‍್ಯಾಮ್, ಗಾಳಿಯಾಡದ ಕ್ಯಾಬಿನೆಟ್ ಇವುಗಳಲ್ಲಿ. ಕೆಲವು ಬ್ರಾಂಡುಗಳಲ್ಲಿ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಆ ಕಂಪನಿಯದೇ ಅಳತೆಯವು. ಮೂರು ವರ್ಷದ ಮೇಲೆ ಒಂದು ಕೆಟ್ಟರೆ ಪೇಟೆಯ ಸಾಮಾನು ಅದಕ್ಕೆ ಕೂರುವುದಿಲ್ಲ.

ಕೆಟ್ಟರೆ ಯಾರನ್ನು ಕೇಳೋದು?

ಅಪ್ಪನ ಈ ಪ್ರಶ್ನೆಯಲ್ಲೇ ತೀರ್ಮಾನದ ಅರ್ಧ ಭಾಗವಿದೆ. ಸಿದ್ಧ ಕಂಪ್ಯೂಟರಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ. ಹೆಚ್ಚು ಹಣ ಕೊಟ್ಟು ವಿಸ್ತರಿಸಬಹುದು. ಆದರೆ ಒಂದೇ ನಂಬರಿಗೆ ಫೋನ್ ಮಾಡಿದರಾಯಿತು. ಯಾವ ಭಾಗ ಕೆಟ್ಟಿದೆ ಎಂದು ಪತ್ತೆ ಹಚ್ಚುವ ಕೆಲಸ ಅವರದು.

ಜೋಡಿಸಿದ ಕಂಪ್ಯೂಟರಿನಲ್ಲಿ ಒಂದೊಂದು ಭಾಗಕ್ಕೂ ಪ್ರತ್ಯೇಕ ವಾರಂಟಿ, ಅದೂ ಹೆಚ್ಚು ಕಾಲದ್ದು. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡುಗಳಿಗೆ ಸಾಮಾನ್ಯವಾಗಿ 3 ವರ್ಷ, ಎಸ್‌ಎಸ್‌ಡಿಗೆ 3ರಿಂದ 5, ಒಳ್ಳೆಯ ಎಸ್‌ಎಂಪಿಎಸ್‌ಗೆ 5ರಿಂದ 10 ವರ್ಷ. ಆದರೆ ಯಾವುದು ಕೆಟ್ಟಿದೆ ಎಂದು ನೀವೇ ಪತ್ತೆ ಹಚ್ಚಿ, ಬಿಚ್ಚಿ, ಸರಿಯಾದ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಮೂರನೆಯ ದಾರಿಯ ಬೆಲೆ ತಿಳಿಯುವುದು ಇಲ್ಲೇ. ಒಳ್ಳೆಯ ಅಂಗಡಿಯವನು ಈ ಓಡಾಟವನ್ನು ತಾನೇ ಮಾಡುತ್ತಾನೆ. ಕೊಳ್ಳುವ ಮೊದಲೇ ಅವನನ್ನು ಸ್ಪಷ್ಟವಾಗಿ ಕೇಳಿ: "ಕಾರ್ಡ್ ಕೆಟ್ಟರೆ ನೀವು ಕಳಿಸಿ ತರಿಸುತ್ತೀರೋ, ನಾನೇ ಹೋಗಬೇಕೋ?"

ಒಂದು ನಿಜ ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ದೋಷವಿದೆ ಎಂಬುದು 2024ರಲ್ಲಿ ಬಯಲಾಗಿ, ಕಂಪನಿ ಅವುಗಳ ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಬಾಕ್ಸ್ ಸಮೇತ ಬಿಡಿ ಪ್ರೊಸೆಸರ್ ಕೊಂಡವರು ನೇರವಾಗಿ ಇಂಟೆಲ್ ಬಳಿ ಹೋಗಬಹುದಿತ್ತು. ಸಿದ್ಧ ಕಂಪ್ಯೂಟರ್ ಕೊಂಡವರು ಅದರ ತಯಾರಕರ ಬಾಗಿಲು ತಟ್ಟಬೇಕಾಯಿತು.

ಎರಡೂ ಕಡೆ ಬೇಕೇ ಬೇಕಾದದ್ದು ಪಕ್ಕಾ ಬಿಲ್. "ಬಿಲ್ ಬೇಡ ಅಂದರೆ ಜಿಎಸ್‌ಟಿ ಬಿಡ್ತೀನಿ" ಎನ್ನುವ ಮಾತು ಈ ಪೇಟೆಗಳಲ್ಲಿ ಕೇಳಿಬರುತ್ತದೆ. ಕಂಪ್ಯೂಟರ್ ಭಾಗಗಳ ಜಿಎಸ್‌ಟಿ 18%. 30,000 ರೂಪಾಯಿಯ ಕಾರ್ಡಿಗೆ 5,400 ರೂಪಾಯಿ. ಆಸೆ ಹುಟ್ಟುವುದು ಸಹಜ. ಆದರೆ ಆ 5,400 ಉಳಿಸಲು 3 ವರ್ಷದ ವಾರಂಟಿಯನ್ನೇ ಪಣಕ್ಕಿಟ್ಟಂತೆ ಆಗುತ್ತದೆ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಇರಲಿ, ಫೋನಿನಲ್ಲಿ ಅದರ ಫೋಟೊ ಇರಲಿ.

ಊರೂರು ಬದಲಿಸುವ ನಮ್ಮಂಥವರಿಗೆ ಉಪಯೋಗವಾಗುವ ಇನ್ನೊಂದು ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಮುಂಬಯಿಯಲ್ಲಿ ಕೊಂಡು ಪುಣೆಗೆ ವರ್ಗವಾಗಿದ್ದರೆ ದೂರಿಗಾಗಿ ಮತ್ತೆ ಮುಂಬಯಿಗೆ ಹೋಗಬೇಕಿಲ್ಲ. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು.

ಆಡುವುದು ಏನನ್ನು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇಲ್ಲಿ ಹಾಸಿಗೆಯ ಅಳತೆಯನ್ನು ಮಾನಿಟರ್ ಹೇಳುತ್ತದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳು, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮಿಗೂ ಅಷ್ಟನ್ನು ಗ್ರಾಫಿಕ್ಸ್ ಕಾರ್ಡ್ ಬಿಡಿಸಬೇಕು. 1080ಪಿ ಮಾನಿಟರ್ ಇಟ್ಟುಕೊಂಡು 4ಕೆಗೆಂದು ಮಾಡಿದ ಕಾರ್ಡ್ ತರುವುದು ವ್ಯರ್ಥ. ಮಗ ಆಡುವುದು ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟಗಳಾದರೆ ಸಾಧಾರಣ ಕಾರ್ಡ್ ಸಾಕು. ಉಳಿದ ಹಣವನ್ನು 144 ಹರ್ಟ್ಸ್ ಮಾನಿಟರಿಗೆ ಹಾಕಿದರೆ ಆಟದಲ್ಲಿ ವ್ಯತ್ಯಾಸ ಕಾಣುತ್ತದೆ. ಸೈಬರ್‌ಪಂಕ್ 2077ರಂಥ ಭಾರೀ ಆಟಗಳೇ ಬೇಕೆಂದರೆ ಬಜೆಟ್ಟಿನ ದೊಡ್ಡ ಪಾಲು ಕಾರ್ಡಿಗೆ ಹೋಗಲೇಬೇಕು.

ಹೆಸರು ಒಂದೇ ಆದರೂ ಸಾಮಾನು ಬೇರೆಯಾಗಿರಬಹುದು. ಆರ್‌ಟಿಎಕ್ಸ್ 5060 ಟಿಐ 8 ಜಿಬಿ ಮೆಮೊರಿಯಲ್ಲೂ ಬರುತ್ತದೆ, 16 ಜಿಬಿಯಲ್ಲೂ ಬರುತ್ತದೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ. ಕೊಟೇಶನ್ನಿನಲ್ಲಿ ಮೆಮೊರಿ ಬರೆಯದಿದ್ದರೆ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ, ಹಗಲೂ ರಾತ್ರಿ ದುಡಿದಿದ್ದ ಮೈನಿಂಗ್ ಕಾರ್ಡುಗಳು ಪೇಟೆಗೆ ಬಂದವು. ಎದುರಿಗೆ ಅರ್ಧ ಗಂಟೆ ಆಟ ಓಡಿಸದೆ ಹಣ ಕೊಡಬೇಡಿ.

ಮುಂದೆ ಹಂತಹಂತವಾಗಿ ಸುಧಾರಿಸುವ ಯೋಚನೆ ಇದ್ದರೆ ಬಿಡಿಭಾಗದ ದಾರಿಯೇ ಮೇಲು. 2017ರಲ್ಲಿ ಎಎಂಡಿಯ ಮೊದಲ ರೈಜೆನ್‌ಗೆಂದು ಕೊಂಡ ಎಷ್ಟೋ ಎಎಂ4 ಬೋರ್ಡುಗಳಿಗೆ, ಬಯೋಸ್ ನವೀಕರಿಸಿದ ಮೇಲೆ, 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರ್ ಕೂರುತ್ತಿತ್ತು. ಐದು ವರ್ಷದ ಮೇಲೂ ಬೋರ್ಡ್, ರ‍್ಯಾಮ್ ಬದಲಿಸದೆ ಹೊಸ ಜೀವ ಬಂತು.

ಬಾಡಿಗೆ ಮನೆಯ ಲೆಕ್ಕ

ಮಹಾನಗರದ ನಮ್ಮ ಬದುಕಿಗೆ ಇನ್ನೂ ಕೆಲವು ಪ್ರಶ್ನೆಗಳಿವೆ. ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿ ಇರುವವರು ಮುಂದಿನ ವರ್ಷ ಎಲ್ಲಿರುತ್ತಾರೋ? ಎರಡು ವರ್ಷದೊಳಗೆ ಊರು ಬದಲಿಸುವುದು ಖಚಿತವಾದರೆ ಗೇಮಿಂಗ್ ಲ್ಯಾಪ್‌ಟಾಪ್ ನೋಡುವುದು ತಪ್ಪಲ್ಲ. ಆದರೆ ಹೆಸರು ನಂಬಬೇಡಿ: ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ರಲ್ಲಿ 12 ಜಿಬಿ ಮೆಮೊರಿ ಇತ್ತು, ಅದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡಿನಲ್ಲಿ 8 ಜಿಬಿ. ಡೆಸ್ಕ್‌ಟಾಪನ್ನೇ ಸಾಗಿಸುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಮೂಲ ಬಾಕ್ಸಿನಲ್ಲಿಟ್ಟು ಕೈಯಲ್ಲೇ ಒಯ್ಯಿರಿ. ಮನೆಯಲ್ಲಿ ಜಾಗವಿಲ್ಲವೆಂದು ಬಾಕ್ಸುಗಳನ್ನೆಲ್ಲ ರದ್ದಿಯವನಿಗೆ ಕೊಟ್ಟರೂ ಕಾರ್ಡಿನದನ್ನು ಉಳಿಸಿಕೊಳ್ಳಿ.

ಕರೆಂಟಿನ ಲೆಕ್ಕ ಸುಲಭ. ಆಟದ ಹೊತ್ತಿನಲ್ಲಿ ಕಂಪ್ಯೂಟರ್ 400 ವಾಟ್ ಎಳೆದರೆ, ದಿನಕ್ಕೆ 3 ಗಂಟೆಯಂತೆ ತಿಂಗಳಿಗೆ 36 ಯೂನಿಟ್. ಮನೆಯಲ್ಲಿರುವ ಹಳೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್ ಮಾತ್ರ. ಆಟ ಜೋರಾದಾಗ ಕರೆಂಟ್ ಹೋದರೆ ಅದು ಕೈಕೊಡುತ್ತದೆ. ಹಳೆಯ ಕಟ್ಟಡವಾದರೆ ಎಲೆಕ್ಟ್ರಿಷಿಯನ್ ಕರೆದು ಸಾಕೆಟ್ಟಿನ ಅರ್ಥಿಂಗ್ ಮೊದಲು ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅದನ್ನು ಸಣ್ಣ ವಿಷಯವೆಂದು ಬಿಡಬೇಡಿ. ದಿಲ್ಲಿಯ ಧೂಳಿಗೆ ಫಿಲ್ಟರ್ ಇರುವ ಕ್ಯಾಬಿನೆಟ್ ಬೇಕು. ಚೆನ್ನೈಯ ಸೆಕೆಗೆ ಮುಂಭಾಗ ಗಾಜಿನ ಬದಲು ಜಾಲರಿ ಇರುವುದು ಬೇಕು.

ಜೋಡಿಸುವುದೇ ಆದರೆ

ಮೊದಲ ಸಲಕ್ಕೆ ನಾಲ್ಕು ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ಫಿಲಿಪ್ಸ್ ಸ್ಕ್ರೂಡ್ರೈವರ್ ಸಾಕು. ಬಾಕ್ಸ್ ತೆರೆಯುವುದನ್ನೆಲ್ಲ ವಿಡಿಯೊ ಮಾಡಿ. ಮೊದಲು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಗಳನ್ನು ಮದರ್‌ಬೋರ್ಡಿಗೆ ಹೊರಗಡೆಯೇ ಕೂರಿಸಿ, ಆಮೇಲೆ ಕ್ಯಾಬಿನೆಟ್ಟಿನೊಳಗೆ ಇಳಿಸಿ. ಪ್ರೊಸೆಸರನ್ನು ಒತ್ತಬೇಡಿ, ತ್ರಿಕೋನದ ಗುರುತು ಹೊಂದಿಸಿ ಮೆಲ್ಲಗೆ ಇಡಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್‌ಗಳಿದ್ದು ರ‍್ಯಾಮ್ ಕಡ್ಡಿ ಎರಡಿದ್ದರೆ, ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಅವುಗಳ ಜಾಗ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಕೊನೆಗೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲವಾದರೆ ದುಡ್ಡು ಕೊಟ್ಟು ತಂದ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಗೇಮಿಂಗ್ ಕಾರ್ಡಿಗೆ ಕೊಡಬೇಡಿ. ಅದು ಸುಟ್ಟರೆ ಒಂದೇ ಸುಡುವುದಿಲ್ಲ, ಜೊತೆಗಾರರನ್ನೂ ಸುಡಬಹುದು.

ಹಾಗಾದರೆ ಯಾರಿಗೆ ಯಾವುದು?

ಕೆಟ್ಟಾಗ ಬಿಚ್ಚಿ ನೋಡುವ ಸಮಯವೂ ಕುತೂಹಲವೂ ಮನೆಯಲ್ಲಿ ಒಬ್ಬರಿಗಾದರೂ ಇದ್ದರೆ ಜೋಡಿಸಿ. ಆ ಕಂಪ್ಯೂಟರ್ ಮೇಲೆ ಕಚೇರಿ ಕೆಲಸವೂ ನಡೆಯಬೇಕು, ಒಂದು ದಿನ ನಿಂತರೂ ನಷ್ಟ, ನೋಡುವವರು ಯಾರೂ ಇಲ್ಲ ಎಂದಾದರೆ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯ ಸಿದ್ಧ ಕಂಪ್ಯೂಟರ್ ಕೊಳ್ಳಿ. ಹೆಚ್ಚಿಗೆ ಕೊಟ್ಟ ಹಣ ನೆಮ್ಮದಿಯ ಬೆಲೆ. ಭಾಗಗಳ ಆಯ್ಕೆ ನಿಮ್ಮದಿರಬೇಕು, ಕೈಯ ಧೈರ್ಯ ಮಾತ್ರ ಸಾಲದು ಎಂದರೆ ಪೇಟೆಯ ಮೂರನೆಯ ದಾರಿ ಇದೆ. ಬೆಂಗಳೂರಿನಲ್ಲಿ ನೂರು ರೂಪಾಯಿ ಕಡಿಮೆ ಸಿಕ್ಕಿತೆಂದು ಎಸ್.ಪಿ. ರೋಡಿನಿಂದ ಹೊತ್ತು ತರುವುದಕ್ಕಿಂತ, ನೀವು ಇರುವ ಊರಿನ ಅಂಗಡಿಯವನ ಪರಿಚಯ ಮಾಡಿಕೊಳ್ಳುವುದು ಲೇಸು. ಕಂಪನಿಯ ವಾರಂಟಿ ಎಲ್ಲಿದ್ದರೂ ನಡೆದೀತು, ಅಂಗಡಿಯವನ ಸಹಾಯ ನೆರೆಯಲ್ಲಿದ್ದರೆ ಮಾತ್ರ ಸಿಗುತ್ತದೆ.

ಇನ್ನು ಮಕ್ಕಳಿಗೆ ಕೊಡಿಸುವವರಿಗೆ ಒಂದು ಮಾತು. ದಾರಿ ಯಾವುದೇ ಆಗಲಿ, ಕೊಟೇಶನ್ ತರುವ ಕೆಲಸ ಮಕ್ಕಳಿಗೇ ಬಿಡಿ. ಮೂರು ಅಂಗಡಿ, ಒಂದು ಸಿದ್ಧ ಮಾದರಿ, ಪ್ರತಿ ಭಾಗದ ವಾರಂಟಿ, ಒಟ್ಟು ಮೊತ್ತ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು ತರಲಿ. "ಈ ಕಾರ್ಡೇ ಯಾಕೆ?" ಎಂದು ನೀವು ಕೇಳಿದಾಗ ಕಾರಣ ಹೇಳಲಿ. ಹಣ ಕೊಡುವವರಿಗೂ ಆಡುವವರಿಗೂ ಏನು ತರುತ್ತಿದ್ದೇವೆಂದು ತಿಳಿದಿದ್ದರೆ, ಮುಂದೆ ಒಂದು ದಿನ ಪರದೆ ಕಪ್ಪಾದಾಗ ಬೈಗುಳದ ಬದಲು ಬಿಲ್ ಹುಡುಕುವ ಕೆಲಸ ಶುರುವಾಗುತ್ತದೆ.