ಅಜ್ಜಿಯ ಮನೆಯೆಂಬ ಪರದೇಶ

ಪರದೇಶಪ್ರಯಾಣವೆಂದೊಡನೆ ನಮ್ಮವರು ಇಲ್ಲಿಂದ ಅಲ್ಲಿಗೆ ಹೋಗುವುದೆಂದೇ ಭಾವಿಸುವುದು ವಾಡಿಕೆ. ಆದರೆ ಜೂನ್ ತಿಂಗಳ ಕೊನೆಯಲ್ಲಿ ನಮ್ಮ ಶ್ರೀನಿವಾಸಪುರದ ಕೆಲವು ಮನೆಗಳ ಮುಂದೆ ಬಾಡಿಗೆ ಕಾರು ನಿಂತು, ನಿದ್ದೆಗಣ್ಣಿನ ಮಕ್ಕಳು ಇಳಿಯುತ್ತಾರಲ್ಲ, ಅವರ ಪಾಲಿಗೆ ಪರದೇಶವೆಂದರೆ ನಮ್ಮ ಊರೇ. ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ, ಅಜ್ಜಿಯ ಮನೆ ಮಾವಿನ ತೋಪುಗಳ ನಡುವೆ. ಎಳೆಯ ಮಕ್ಕಳೊಡನೆ ಈ ದಾರಿಯನ್ನು ಕ್ರಮಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರಲ್ಲಿ ಅಧಿಕಾರವೇನು ಎಂದು ನೀವು ಕೇಳಬಹುದು. ಇಬ್ಬರು ಮೊಮ್ಮಕ್ಕಳ ತಾತನೆಂಬುದಷ್ಟೇ ನನ್ನ ಅಧಿಕಾರ.

ಮೊದಲು ಕಾಗದಪತ್ರ. ನಮ್ಮ ದೇಶ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಮಗು, ತಂದೆತಾಯಿಗಳು ಭಾರತೀಯರೇ ಆಗಿದ್ದರೂ, ಇಲ್ಲಿಗೆ ವೀಸಾ ಪಡೆದು ಬರಬೇಕು. ಇಲ್ಲವೆ ಸಾಗರೋತ್ತರ ಭಾರತೀಯ ನಾಗರಿಕ ಎಂಬ ಗುರುತಿನ ಪುಸ್ತಕ ಹೊಂದಿರಬೇಕು. ಒ.ಸಿ.ಐ. ಎಂದು ಬಳಕೆಯಲ್ಲಿರುವುದು ಇದೇ. ಹೆಸರಿನಲ್ಲಿ ನಾಗರಿಕನೆಂದಿದ್ದರೂ ಇದು ಪೌರತ್ವವಲ್ಲ, ಮತದ ಹಕ್ಕೂ ಇಲ್ಲ. ಪದವನ್ನು ನಂಬಿ ಅರ್ಥ ಮಾಡುವ ನಮ್ಮಂಥ ಮೇಷ್ಟರುಗಳು ಮೋಸಹೋಗುವ ಸ್ಥಳವಿದು. ಮಕ್ಕಳ ಪಾಸ್‌ಪೋರ್ಟಿಗೆ ಅಲ್ಲಿ ಐದೇ ವರ್ಷದ ಆಯುಸ್ಸು. 20 ವರ್ಷ ತುಂಬುವವರೆಗೆ, ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿಯನ್ನೂ ಹೊಸ ಭಾವಚಿತ್ರವನ್ನೂ ಒ.ಸಿ.ಐ. ಜಾಲತಾಣಕ್ಕೆ ಸೇರಿಸಬೇಕು.

ಇನ್ನೊಂದು ಕಾಗದದ ವಿಷಯ ನಾವು ಪೆಟ್ಟು ತಿಂದು ಕಲಿತದ್ದು. 2023ರಲ್ಲಿ ನನ್ನ ಮಗಳು ಏಳು ವರ್ಷದ ಹುಡುಗನನ್ನೂ ಒಂದೂವರೆ ವರ್ಷದ ಕೂಸನ್ನೂ ಕರೆದುಕೊಂಡು ಒಬ್ಬಳೇ ಹೊರಟಳು. ನಡುದಾರಿಯ ವಿಮಾನನಿಲ್ದಾಣವೊಂದರಲ್ಲಿ, ಮಕ್ಕಳ ತಂದೆಯ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿದರು. ಅವಳಲ್ಲಿರಲಿಲ್ಲ. ಅಳಿಯಂದಿರನ್ನು ಅರ್ಧರಾತ್ರಿಯಲ್ಲಿ ಎಬ್ಬಿಸಿ ಮಾತನಾಡಿಸಿದ ಮೇಲೆ ಬಿಟ್ಟರು. ಆ ಒಂದು ಗಂಟೆಯನ್ನು ಅವಳು ಇಂದಿಗೂ ಮರೆತಿಲ್ಲ. ಮಕ್ಕಳನ್ನು ಕದ್ದೊಯ್ಯುವವರನ್ನು ತಡೆಯಲೆಂದು ಕೇಳುವ ಪ್ರಶ್ನೆ ಅದು, ಕೋಪಿಸಿಕೊಂಡು ಫಲವಿಲ್ಲ. ನೋಟರಿಯ ಮುಂದೆ ಸಹಿ ಮಾಡಿಸಿದ ಪತ್ರವೊಂದನ್ನು ಇಟ್ಟುಕೊಳ್ಳುವುದು ಕ್ಷೇಮ.

ವಿಮಾನದಲ್ಲಿ ಎರಡು ವರ್ಷ ತುಂಬದ ಕೂಸು ಸಾಮಾನ್ಯವಾಗಿ ಮಡಿಲಲ್ಲೇ, ಅಲ್ಪ ದರಕ್ಕೆ, ಬರುತ್ತದೆ. ಪ್ರವಾಸದ ನಡುವೆ ಎರಡು ತುಂಬಿದರೆ ಹಿಂದಿರುಗುವಾಗ ಅದಕ್ಕೂ ಆಸನ ಕೊಳ್ಳಬೇಕು. ವಿಮಾನ ಇಳಿಯುವಾಗ ಕೂಸುಗಳೆಲ್ಲ ಒಟ್ಟಿಗೆ ಅಳುವುದೇಕೆಂದು ನಾನು ಬೆರಗಾಗಿದ್ದುಂಟು. ಆಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ನಡುಗಿವಿಗೂ ಗಂಟಲಿಗೂ ಇರುವ ನಾಳ ಮಕ್ಕಳಲ್ಲಿ ಬಹಳ ಕಿರಿದು, ಬೇಗ ತೆರೆಯದು; ನುಂಗಿದಾಗ ತೆರೆಯುತ್ತದೆ. ಆದುದರಿಂದ ಇಳಿಯತೊಡಗಿದಾಗ ಕೂಸಿಗೆ ಹಾಲು ಕುಡಿಸಬೇಕು, ದೊಡ್ಡ ಮಗುವಿಗೆ ಗುಟುಕು ಗುಟುಕಾಗಿ ನೀರು ಕೊಡಬೇಕು.

ಆರೋಗ್ಯದ ಮಾತು ಕೊಂಚ ಸೂಕ್ಷ್ಮ. ನೆಂಟರನ್ನು ನೋಡಹೋಗುವ ಪ್ರಯಾಣಿಕರನ್ನು ವೈದ್ಯರು ಬೇರೆಯೇ ವರ್ಗವಾಗಿ ಎಣಿಸುತ್ತಾರೆ. ದೇಶ ನೋಡಲು ಬಂದವರಿಗಿಂತ ಇವರಲ್ಲಿ ಟೈಫಾಯ್ಡ್‌ನಂಥ ರೋಗಗಳು ಹೆಚ್ಚು. ಕಾರಣ ಸರಳ: ನಮ್ಮದೇ ಊರಲ್ಲವೆ ಎಂಬ ಧೈರ್ಯ. ಊರು ತಾಯಿಯದು, ಮಗುವಿನದಲ್ಲ. ಹೊರಡುವುದಕ್ಕೆ ಒಂದು ತಿಂಗಳಾದರೂ ಮೊದಲು ವೈದ್ಯರನ್ನು ಕಂಡು ಲಸಿಕೆಗಳ ವಿಚಾರ ಮಾಡಬೇಕು. ಇಲ್ಲಿಗೆ ಬಂದಮೇಲೆ ಕುದಿಸಿ ಆರಿಸಿದ ನೀರು. ಪಕ್ಕದ ಮನೆಯ ಅತ್ತೆಮ್ಮ ಅಕ್ಕರೆಯಿಂದ ಲೋಟ ನೀಡಿದಾಗ ಬೇಡವೆನ್ನುವುದು ಮರ್ಯಾದೆಯಲ್ಲವೆಂದು ನಮ್ಮವರಿಗೆ ಸಂಕೋಚ. ಬರುವ ಮುಂಚೆಯೇ ಫೋನಿನಲ್ಲಿ ಹೇಳಿಬಿಟ್ಟರೆ ಯಾರಿಗೂ ನೋವಿಲ್ಲ.

ಎರಡು ದೇಶಗಳ ಶಾಲೆಯ ರಜಗಳು ಕೂಡಿಬರುವುದಿಲ್ಲವೆಂಬುದು ನನ್ನ ದೊಡ್ಡ ತಕರಾರು. ನಮ್ಮಲ್ಲಿ ಬೇಸಗೆ ರಜ ಏಪ್ರಿಲ್, ಮೇ. ನ್ಯೂಜೆರ್ಸಿಯಲ್ಲಿ ಶಾಲೆ ಮುಚ್ಚುವುದೇ ಜೂನ್ ನಡುವಿನ ಮೇಲೆ. ಸೋದರಮಾವನ ಮಕ್ಕಳೊಡನೆ ಆಡಲೆಂದು ಅಷ್ಟು ದೂರದಿಂದ ಬಂದ ಹುಡುಗ, ಅವರು ಶಾಲೆಯಿಂದ ಬರುವವರೆಗೆ ಜಗುಲಿಯ ಮೇಲೆ ಕಾದು ಕೂರುತ್ತಿದ್ದ. ಮಾವು ಮಾತ್ರ ದಯೆ ತೋರಿದೆ. ನಮ್ಮ ಸೀಮೆಯ ಕೊಯ್ಲು ರತ್ನಗಿರಿಗಿಂತ ತಡ. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಒಂದೊಂದಾಗಿ ಜುಲೈವರೆಗೂ ಬರುತ್ತವೆ.

ಇನ್ನು ನಿದ್ದೆ. ಅಲ್ಲಿಗೂ ಇಲ್ಲಿಗೂ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆಯ ಅಂತರ. ದೇಹದ ಒಳಗಡಿಯಾರ ಬೆಳಕನ್ನು ನೋಡಿ ನಡೆಯತಕ್ಕದ್ದು. ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ತಿದ್ದಿಕೊಳ್ಳುತ್ತದೆ. ಬೆಳಗಿನ ಬಿಸಿಲಿನಲ್ಲಿ ಮಗುವನ್ನು ತೋಪಿನ ಕಡೆ ನಡೆಸಿಕೊಂಡು ಹೋಗುವುದಕ್ಕಿಂತ ಉತ್ತಮ ಔಷಧವಿಲ್ಲ. ಹೀಗಾಗಿ ಎರಡು ವಾರಕ್ಕೆಂದು ಬಂದವರು ನಿದ್ದೆ ಸರಿಹೋಗುವ ಹೊತ್ತಿಗೆ ಗಂಟು ಕಟ್ಟಬೇಕಾಗುತ್ತದೆ. ನನ್ನನ್ನು ಕೇಳಿದರೆ ನಾಲ್ಕು ವಾರಕ್ಕೆ ಕಡಿಮೆ ಬರಬಾರದು.

ಆದರೆ ಆ ನಿದ್ದೆಗೇಡೇ ನಮ್ಮ ಮನೆಗೆ ಒದಗಿದ ಭಾಗ್ಯ. ಎಂಬತ್ತೆಂಟು ವರ್ಷದ ನನ್ನ ತಾಯಿಗೆ ರಾತ್ರಿ ಎರಡರ ಮೇಲೆ ನಿದ್ದೆ ಬರುತ್ತಿರಲಿಲ್ಲ, ಹುಡುಗನಿಗೂ ಇಲ್ಲ. ಅವರದು ನಮ್ಮ ಗಡಿಯ ತೆಲುಗು ಬೆರೆತ ಕನ್ನಡ, ಅವನದು ಇಂಗ್ಲಿಷು. ಮೂರನೆಯ ರಾತ್ರಿ ಸದ್ದು ಕೇಳಿ ಎದ್ದು ನೋಡಿದರೆ, ನಡುಮನೆಯಲ್ಲಿ ದೀಪ ಹಾಕಿಕೊಂಡು ಇಬ್ಬರೂ ಅಳಗುಳಿಮಣೆಯ ಮುಂದೆ ಕುಳಿತಿದ್ದಾರೆ. ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಹುಣಸೆಬೀಜ. ಒಂದು, ಎರಡು ಎಂದು ಹುಡುಗ ಎಣಿಸುತ್ತಿದ್ದಾನೆ, ಅವರು ತಿದ್ದುತ್ತಿದ್ದಾರೆ. ಹನ್ನೊಂದು ರಾತ್ರಿ ಹೀಗೆ ನಡೆಯಿತು. ಆಮೇಲೆ ಅವನು ಸರಿಯಾಗಿ ಮಲಗತೊಡಗಿದ. ಅವರು ಒಬ್ಬರೇ ಮಣೆ ಹಾಕಿಕೊಂಡು ಕೂರುತ್ತಿದ್ದರು.

ಹೊರಡುವ ದಿನ ತಾಯಿ ಪೆಟ್ಟಿಗೆಯಲ್ಲಿ ಆರು ಬಾದಾಮಿ ಹಣ್ಣು ಇರಿಸಿದ್ದರು. ನಾನು ತೆಗೆಯಬೇಕಾಯಿತು. ಅಮೆರಿಕದವರು ನಮ್ಮ ಮಾವನ್ನು 2007ರಿಂದ ಮತ್ತೆ ಬರಗೊಡುತ್ತಿದ್ದಾರೆ. ಅದೂ ವಿಕಿರಣದಿಂದ ಕೀಟದ ಭಯ ಕಳೆದ ಹಣ್ಣನ್ನು, ವ್ಯಾಪಾರದ ದಾರಿಯಲ್ಲಿ ಮಾತ್ರ. ಪ್ರಯಾಣಿಕರ ಗಂಟಿನಲ್ಲಿ ಒಯ್ಯುವಂತಿಲ್ಲ. ಬೀಜಗಳಿಗೂ ಅಲ್ಲಿ ನಿರ್ಬಂಧವುಂಟೆಂದು ತಿಳಿದಾಗ, ಹುಡುಗ ಜೇಬಿನಿಂದ ಹುಣಸೆಬೀಜಗಳನ್ನು ತೆಗೆದು ಮುತ್ತಜ್ಜಿಯ ಕೈಗೆ ಒಂದೊಂದಾಗಿ ಎಣಿಸಿ ಕೊಟ್ಟ, ಕನ್ನಡದಲ್ಲಿಯೇ. ಮರುವರ್ಷ ಅವರು ಬರುವ ಹೊತ್ತಿಗೆ ತಾಯಿ ಇರಲಿಲ್ಲ. ಹುಡುಗ ಕಾರಿನಿಂದಿಳಿದವನೇ ಕೇಳಿದ್ದು, ಮಣೆ ಎಲ್ಲಿದೆ ತಾತಾ ಎಂದು.