ಕಪ್ಪು ತಟ್ಟೆಗೆ ಕೆಂಪು ವಾಲ್ವ್: ಎಲ್ಲಿದ್ದರೆ ಚೆಂದ?

1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂದಾಗ ಗ್ರಾಮಫೋನ್ ತಟ್ಟೆಯ ಕಥೆ ಮುಗಿಯಿತೆಂದೇ ಬಹಳ ಜನ ತಿಳಿದರು. ವಾಲ್ವ್‌ನ ಕಥೆಯಂತೂ ಅದಕ್ಕೂ ಮೊದಲೇ, ಟ್ರಾನ್ಸಿಸ್ಟರ್ ಮನೆಮನೆಗೆ ಬಂದಾಗ ಮುಗಿದಿತ್ತು. ಆದರೆ ಎರಡೂ ಸಾಯಲಿಲ್ಲ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4 ಕೋಟಿ 10 ಲಕ್ಷ ವಿನೈಲ್ ತಟ್ಟೆಗಳು ಮಾರಾಟವಾದರೆ, ಸಿ.ಡಿ.ಗಳು ಮಾರಾಟವಾದದ್ದು 3 ಕೋಟಿ 30 ಲಕ್ಷ. 1987ರ ನಂತರ ತಟ್ಟೆ ಮುಂದೆ ಬಂದದ್ದು ಅದೇ ಮೊದಲು. ತಟ್ಟೆಯ ಬೆನ್ನಿಗೇ ಕೆಂಪಗೆ ಉರಿಯುವ ವಾಲ್ವ್ ಆಂಪ್ಲಿಫೈಯರ್‌ಗಳೂ ಅಂಗಡಿಗಳಿಗೆ ಮರಳಿವೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ದುಡ್ಡು ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ತಟ್ಟೆಯಿಂದ ಸ್ಪೀಕರ್‌ವರೆಗಿನ ದಾರಿಯಲ್ಲಿ ವಾಲ್ವ್ ಎಲ್ಲಿದ್ದರೆ ಕಿವಿಗೆ ಲಾಭ?

ಈ ದಾರಿ ಎಷ್ಟು ಉದ್ದವೆಂದು ಲೆಕ್ಕ ಹಾಕಿ ನೋಡಿ. ತಟ್ಟೆಯ ಗೆರೆಯಲ್ಲಿ ಓಡುವ ಮುಳ್ಳು ಅಲುಗಿದಾಗ ಕಾರ್ಟ್ರಿಜ್‌ನೊಳಗಿನ ಪುಟ್ಟ ಅಯಸ್ಕಾಂತವೂ ಅಲುಗುತ್ತದೆ, ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹೈಸ್ಕೂಲಿನಲ್ಲಿ ಕಲಿಯುವ ಫ್ಯಾರಡೆ ನಿಯಮವೇ ಇದು. ಹೀಗೆ ಹುಟ್ಟುವುದು ಹೆಚ್ಚೆಂದರೆ 5 ಮಿಲಿವೋಲ್ಟ್‌ನಷ್ಟು. 8 ಓಮ್‌ನ ಸ್ಪೀಕರಿಗೆ 50 ವಾಟ್ ಒದಗಿಸಬೇಕಾದರೆ 20 ವೋಲ್ಟ್ ಬೇಕು. ಅಂದರೆ 4,000 ಪಟ್ಟು ಹಿಗ್ಗಿಸಬೇಕು. ಇದರಲ್ಲಿ ಮೊದಲ 100 ಪಟ್ಟಿನ ಕೆಲಸ ಫೋನೊ ಸ್ಟೇಜ್ ಎಂಬ ಚಿಕ್ಕ ಪೆಟ್ಟಿಗೆಯದು, ಉಳಿದ 40 ಪಟ್ಟು ಆಂಪ್ಲಿಫೈಯರ್‌ನದು. ಮೊದಲ ಹಂತದಲ್ಲಿ ಸೇರಿದ ಕಸವನ್ನು ಎರಡನೆಯದು ಬಹಳ ನಿಷ್ಠೆಯಿಂದ 40 ಪಟ್ಟು ಮಾಡಿ ಕೊಡುತ್ತದೆ. ಹಾಲು ಒಡೆದ ಮೇಲೆ ಬೆಳ್ಳಿ ಲೋಟಕ್ಕೆ ಸುರಿದರೇನು ಬಂತು?

ಫೋನೊ ಸ್ಟೇಜ್‌ಗೆ ಇನ್ನೊಂದು ಹೊಣೆಯೂ ಇದೆ. ಮಂದ್ರ ಸ್ವರಗಳನ್ನು ಇದ್ದ ಬಲದಲ್ಲೇ ಕೊರೆದರೆ ಗೆರೆ ತೂರಾಡಿ ಪಕ್ಕದ ಗೆರೆಗೆ ತಾಗುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸುತ್ತಾರೆ. ಮೇಲಿನ ಸ್ವರಗಳನ್ನು ಎತ್ತರಿಸುತ್ತಾರೆ, ತಟ್ಟೆಯ ಸರಸರ ಸದ್ದು ಅದರಡಿ ಮುಚ್ಚಿಹೋಗಲೆಂದು. ಎಷ್ಟು ತಗ್ಗಿಸಬೇಕು, ಎಷ್ಟು ಎತ್ತರಿಸಬೇಕು ಎಂಬುದಕ್ಕೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕವಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್.ಐ.ಎ.ಎ. ಒಂದೇ ಅಳತೆಯನ್ನು ಗೊತ್ತುಮಾಡಿತು. ಅದರ ಪ್ರಕಾರ 20 ಹರ್ಟ್ಸ್‌ನ ಸ್ವರಕ್ಕೂ 20,000 ಹರ್ಟ್ಸ್‌ನ ಸ್ವರಕ್ಕೂ ಮಾಡುವ ವ್ಯತ್ಯಾಸ ಸುಮಾರು 90 ಪಟ್ಟು! ಇದನ್ನು ಪೂರ್ತಿ ತಿರುಗುಮುರುಗು ಮಾಡಿ ಸಂಗೀತವನ್ನು ಮೊದಲಿನಂತಾಗಿಸುವುದು ಫೋನೊ ಸ್ಟೇಜ್‌ನೊಳಗಿನ ಕೆಲವೇ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳು. ಅವುಗಳ ಅಳತೆ ಕೊಂಚ ತಪ್ಪಿದರೂ ಗಾಯಕನ ಕಂಠ ದಪ್ಪವಾಗುತ್ತದೆ ಅಥವಾ ತೆಳುವಾಗುತ್ತದೆ. ಎಷ್ಟೋ ಸಲ ‘ವಾಲ್ವ್‌ನ ಬೆಚ್ಚನೆಯ ದನಿ’ ಎಂದು ಹೊಗಳಿಸಿಕೊಳ್ಳುವುದು ಇಂಥ ಒಂದೆರಡು ಡೆಸಿಬೆಲ್‌ನ ತಪ್ಪೇ.

ಹಾಗಾದರೆ ವಾಲ್ವ್‌ನಲ್ಲಿ ವಿಶೇಷವೇನೂ ಇಲ್ಲವೆ? ಇದೆ. 1973ರಲ್ಲಿ ರಸೆಲ್ ಹ್ಯಾಮ್ ಎಂಬ ಅಮೆರಿಕದ ಎಂಜಿನಿಯರ್, ಸ್ಟುಡಿಯೊಗಳಲ್ಲಿ ಮೈಕಿನ ಸದ್ದನ್ನು ಹಿಗ್ಗಿಸುವ ಉಪಕರಣಗಳನ್ನು ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಸದ್ದು ಮಿತಿಯೊಳಗಿದ್ದಾಗ ವಾಲ್ವ್‌ಗೂ ಟ್ರಾನ್ಸಿಸ್ಟರ್‌ಗೂ ಹೆಚ್ಚಿನ ಅಂತರವಿಲ್ಲ. ಮಿತಿ ಮೀರಿದಾಗ ಎರಡೂ ಕೆಡುವ ರೀತಿ ಬೇರೆ ಎಂಬುದು ಅವರ ವಾದದ ತಿರುಳು. ಟ್ರಯೋಡ್ ವಾಲ್ವ್ ಮೆಲ್ಲಗೆ ಕೆಡುತ್ತದೆ, ಮೂಲ ಸ್ವರದ ಎರಡು ಪಟ್ಟು ಕಂಪನದ ಸ್ವರವನ್ನು ಹೆಚ್ಚಾಗಿ ಸೇರಿಸುತ್ತದೆ. ಸಂಗೀತ ಬಲ್ಲವರ ಮಾತಿನಲ್ಲಿ ಅದು ಮೇಲಿನ ಸ್ಥಾಯಿಯ ಷಡ್ಜ, ತಂಬೂರಿಯ ನಾದದಲ್ಲಿ ಸಹಜವಾಗಿಯೇ ಇರುವಂಥದು. ಟ್ರಾನ್ಸಿಸ್ಟರ್ ಥಟ್ಟನೆ ಕೆಡುತ್ತದೆ. ಮೂರು ಪಟ್ಟಿನ ಸ್ವರವನ್ನೂ ಅದರಾಚೆಯ ಕರ್ಕಶ ಸ್ವರಗಳನ್ನೂ ಎಬ್ಬಿಸುತ್ತದೆ. ಇವುಗಳಲ್ಲಿ ಏಳು ಪಟ್ಟಿನದು ನಮ್ಮ ಯಾವ ಸ್ವರಸ್ಥಾನದಲ್ಲೂ ಸರಿಯಾಗಿ ಕೂರುವುದಿಲ್ಲ.

ಈ ಮಾತು ಫೋನೊ ಸ್ಟೇಜ್‌ಗೆ ಚೆನ್ನಾಗಿಯೇ ಒಪ್ಪುತ್ತದೆ. ಹಳೆಯ ತಟ್ಟೆಯ ಮೇಲಿನ ಒಂದು ಗೀಚು, ಒಂದು ಧೂಳಿನ ಕಣ ಕ್ಷಣಮಾತ್ರ ಸಂಗೀತಕ್ಕಿಂತ ಎಷ್ಟೋ ಜೋರಾದ ಹೊಡೆತ ಕೊಡುತ್ತದೆ. 9 ವೋಲ್ಟ್‌ನ ಅಡಾಪ್ಟರಿನಲ್ಲಿ ನಡೆಯುವ ಅಗ್ಗದ ಪೆಟ್ಟಿಗೆ ಅದಕ್ಕೆ ತತ್ತರಿಸಿ ‘ಟಿಕ್’ ಎಂಬುದನ್ನು ‘ಟಪ್’ ಮಾಡುತ್ತದೆ. 250 ವೋಲ್ಟ್‌ನಲ್ಲಿ ನಡೆಯುವ ಇ.ಸಿ.ಸಿ.83 ವಾಲ್ವ್ ಅದೇ ಹೊಡೆತವನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ಒಳ್ಳೆಯ ವಿದ್ಯುತ್ ಪೂರೈಕೆಯಿರುವ ಟ್ರಾನ್ಸಿಸ್ಟರ್ ಪೆಟ್ಟಿಗೆಯೂ ಇದನ್ನು ಮಾಡಬಲ್ಲದು. ಮೂವಿಂಗ್ ಕಾಯಿಲ್ ಜಾತಿಯ ದುಬಾರಿ ಕಾರ್ಟ್ರಿಜ್ ಇದ್ದವರಿಗಂತೂ ಟ್ರಾನ್ಸಿಸ್ಟರೇ ಸುಲಭ. ಅದರ ಹುಟ್ಟುವಳಿ ಅರ್ಧ ಮಿಲಿವೋಲ್ಟ್‌ಗಿಂತ ಕಡಿಮೆ. ಅಷ್ಟನ್ನು ವಾಲ್ವ್‌ಗೆ ನೇರ ಕೊಟ್ಟರೆ ಸಂಗೀತದ ಜೊತೆ ಸುಯ್ ಎಂಬ ಸದ್ದೂ ಕೇಳುತ್ತದೆ. ನಡುವೆ ಹತ್ತು ಪಟ್ಟು ಏರಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇಡಬೇಕಾಗುತ್ತದೆ.

ಕೊಳ್ಳುವವರು ಇಲ್ಲೊಂದು ಮೋಸ ತಿಳಿದಿರಬೇಕು. ಅಗ್ಗದ ಕೆಲವು ‘ವಾಲ್ವ್’ ಪೆಟ್ಟಿಗೆಗಳಲ್ಲಿ ನಿಜವಾದ ಕೆಲಸವೆಲ್ಲ ಒಳಗಿನ ಚಿಪ್‌ನದು. ವಾಲ್ವ್‌ಗೆ ಸಿಗುವುದು ಹತ್ತಾರು ವೋಲ್ಟ್ ಮಾತ್ರ. ಸಾಲದ್ದಕ್ಕೆ ಅದರ ಬುಡದಲ್ಲಿ ಕಿತ್ತಳೆ ಬಣ್ಣದ ಎಲ್.ಇ.ಡಿ. ದೀಪ ಬೇರೆ! ಇದು ಮದುವೆ ಮಂಟಪದ ಸೀರಿಯಲ್ ಸೆಟ್ ಇದ್ದಂತೆ, ನೋಡಲು ಚೆಂದ ಅಷ್ಟೇ.

ಇನ್ನು ದೊಡ್ಡ ಆಂಪ್ಲಿಫೈಯರ್‌ನ ವಿಚಾರ. ಬ್ರಿಟನ್ನಿನ ಕ್ವಾಡ್ ಕಂಪನಿಯ ‘ಕ್ವಾಡ್-2’ 1953ರಲ್ಲಿ ಬಂದ, ಕೆ.ಟಿ.66 ವಾಲ್ವ್‌ಗಳ ಜೋಡಿಯಿಂದ 15 ವಾಟ್ ಕೊಡುವ ಯಂತ್ರ. ಅದನ್ನು ಅದೇ ಕಂಪನಿಯ 303 ಮತ್ತು 405 ಎಂಬ ಟ್ರಾನ್ಸಿಸ್ಟರ್ ಮಾದರಿಗಳ ಜೊತೆ ಇಟ್ಟು, ಯಾವುದು ನುಡಿಯುತ್ತಿದೆಯೆಂದು ಕೇಳುಗರಿಗೆ ತಿಳಿಸದೆ ಜೇಮ್ಸ್ ಮೋಯರ್ ಎಂಬ ಧ್ವನಿತಜ್ಞರು ಪರೀಕ್ಷೆ ನಡೆಸಿದರು. 1978ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಕೇಳುಗರ ಆಯ್ಕೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಿರಲಿಲ್ಲ! ಚೆನ್ನಾಗಿ ಕಟ್ಟಿದ ವಾಲ್ವ್ ಆಂಪ್ಲಿಫೈಯರ್, ಚೆನ್ನಾಗಿ ಕಟ್ಟಿದ ಟ್ರಾನ್ಸಿಸ್ಟರಿನಂತೆಯೇ ನುಡಿಯುತ್ತದೆ ಎಂದಾಯಿತು.

ಆದರೆ ಇಂದು ರಸಿಕರು ಬೆನ್ನುಹತ್ತುವ 300ಬಿ ಎಂಬ ಒಂಟಿ ಟ್ರಯೋಡಿನ ಆಂಪ್ಲಿಫೈಯರ್ ಹಾಗಲ್ಲ. ಅದರ ಶಕ್ತಿ ಸುಮಾರು 8 ವಾಟ್, ಒಳರೋಧ 2 ಓಮ್‌ನ ಆಸುಪಾಸು. ಸ್ಪೀಕರಿನ ರೋಧ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. 8 ಓಮ್ ಇರುವ ಕಡೆ ಸ್ಪೀಕರಿಗೆ ಸಿಗುವುದು ನೂರಕ್ಕೆ 80 ಪಾಲು ವೋಲ್ಟೇಜ್, 32 ಓಮ್‌ಗೆ ಏರಿದ ಕಡೆ 94 ಪಾಲು. ಅಂದರೆ ಆ ಸ್ವರಗಳು ಸುಮಾರು ಒಂದೂವರೆ ಡೆಸಿಬೆಲ್ ಎದ್ದು ಕೇಳುತ್ತವೆ. ವೀಣೆಯೊಂದೋ ಕಂಠವೊಂದೋ ಇದ್ದಾಗ ಇದು ಹಿತವೇ. ನೂರು ಜನರ ಆರ್ಕೆಸ್ಟ್ರಾ ಹಾಕಿದರೆ ವಾದ್ಯಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜೊತೆಗೆ, ಕಡಿಮೆ ಶಕ್ತಿಗೇ ಜೋರಾಗಿ ನುಡಿಯುವ ದೊಡ್ಡ ಸ್ಪೀಕರ್ ಬೇಕು.

ಕೈಯಲ್ಲಿ ಮಿತವಾದ ಹಣವಿದ್ದವರು ಮೊದಲು ಮುಳ್ಳನ್ನು ಬದಲಿಸಬೇಕು. ಸವೆದ ಮುಳ್ಳು ತಟ್ಟೆಯನ್ನೇ ಕೆರೆದುಹಾಕುತ್ತದೆ, ಹೋದ ಗೆರೆಯನ್ನು ಯಾವ ವಾಲ್ವ್ ಕೂಡ ಮರಳಿಸಲಾರದು. ಆಮೇಲೆ ಒಳ್ಳೆಯ ಫೋನೊ ಸ್ಟೇಜ್, ವಾಲ್ವ್‌ನ ಆಸೆಯಿದ್ದರೆ ಅದು ಅಲ್ಲಿರಲಿ. ಅದಕ್ಕೆ ಬೇಕಾದದ್ದು ಎರಡು ಮೂರು ಚಿಕ್ಕ ವಾಲ್ವ್, ವರ್ಷಗಟ್ಟಲೆ ಬಾಳುತ್ತವೆ. ದೊಡ್ಡ ಆಂಪ್ಲಿಫೈಯರ್‌ನ ನಾಲ್ಕು ಇ.ಎಲ್.34 ವಾಲ್ವ್‌ಗಳಾದರೋ ಒಂದು ಸ್ವರ ನುಡಿಯುವ ಮೊದಲೇ ತಂತು ಕಾಯಿಸಲು 38 ವಾಟ್ ನುಂಗುತ್ತವೆ. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಬೇಕು, ಬದಲಿಸುವವರು ಬೇರೆಯವರಾಗಿರಬೇಕು. ಕೊಂಚ ಜೋರಾಗಿ ನುಡಿದದ್ದೇ ಉತ್ತಮವೆಂದು ಕಿವಿ ಯಾವಾಗಲೂ ತೀರ್ಪು ಕೊಡುತ್ತದೆ, ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಹಳೆಯ ವಾಲ್ವ್ ಯಂತ್ರವನ್ನು ಅಟ್ಟದಿಂದ ಇಳಿಸಿದವರು ಮುಚ್ಚಳ ಬಿಚ್ಚುವ ಸಾಹಸ ಮಾಡಬಾರದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದು ಪ್ರಾಣ ತೆಗೆಯಬಲ್ಲದು. ಸ್ಪೀಕರ್ ಜೋಡಿಸದೆ ಸ್ವಿಚ್ ಹಾಕಲೂಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಬದಲಿ ವಾಲ್ವ್‌ಗಳು ಈಗ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರುತ್ತವೆ. ಹಳೆಯ ರೇಡಿಯೊಗಳ ಒಳಗೆ ಇಣುಕಿದರೆ ಕೆಲವು ಗಾಜಿನ ಬುರುಡೆಗಳ ಮೇಲೆ ಬಿ.ಇ.ಎಲ್. ಎಂಬ ಅಕ್ಷರಗಳು ಕಾಣುತ್ತವೆ. ಅವು ಒಂದು ಕಾಲದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದವು. ಅಂಥವು ಸಿಕ್ಕರೆ ಎಸೆಯದೆ, ಪರೀಕ್ಷಿಸಿ ನೋಡಬಲ್ಲ ರಿಪೇರಿಯವರ ಕೈಗೆ ಕೊಡುವುದು ಒಳ್ಳೆಯದು.