ಅಂಗಾಲಿನ ಕಪ್ಪು ಮಚ್ಚೆ, ಒಳಗಿನ ಜೀನ್

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಇಂದು ಹೊಸ ಔಷಧಗಳಿವೆ. ಯಾವುದು ಯಾರಿಗೆ ನಾಟುತ್ತದೆ ಎಂಬುದನ್ನು ಗೆಡ್ಡೆಯೊಳಗಿನ ಜೀನ್ ಹೇಳಬೇಕು. ನಮ್ಮವರ ಗೆಡ್ಡೆ ಹೇಳುವ ಉತ್ತರ ಬಿಳಿಯರದ್ದಕ್ಕಿಂತ ಬೇರೆ.

ಕೊಡಗಿನ ಅಮ್ಮತ್ತಿ ಸುತ್ತಿನ ಕಾಫಿ ತೋಟಗಳಲ್ಲಿ ಕಾಲಿಗೆ ಬಿಡುವೆಂಬುದಿಲ್ಲ. ಮಳೆಗಾಲದಲ್ಲಿ ಜಿಗಣೆ, ಕಾಡು ಕಡಿಯುವಾಗ ಮುಳ್ಳು, ಕೊಯ್ಲಿನ ತಿಂಗಳುಗಳಲ್ಲಿ ಇಳಿಜಾರಿನಲ್ಲಿ ಮೂಟೆ ಹೊತ್ತ ನಡಿಗೆ. ಹೀಗಿರುವಾಗ ಅಂಗಾಲಿನಲ್ಲಿ ಕಪ್ಪು ಮಚ್ಚೆಯೊಂದು ಕಂಡರೆ ಆಣಿ ಇರಬೇಕು, ಮುಳ್ಳು ಮುರಿದು ಒಳಗೇ ಉಳಿದಿರಬೇಕು, ರಕ್ತ ಹೆಪ್ಪುಗಟ್ಟಿರಬೇಕು ಎಂದುಕೊಳ್ಳುವುದು ಸಹಜ. ಬಹಳಷ್ಟು ಸಲ ಆ ಊಹೆ ಸರಿಯಾಗಿಯೇ ಇರುತ್ತದೆ. ಅಪರೂಪಕ್ಕೊಮ್ಮೆ ಅದು ಮೆಲನೋಮ ಆಗಿರುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 30ಕ್ಕೂ ಹೆಚ್ಚು ಮಂದಿಗೆ ಬರುತ್ತದೆ. ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗೂ ಬರುವುದಿಲ್ಲ. ಕಂದು ಚರ್ಮದ ಬಣ್ಣವೇ ನಮ್ಮನ್ನು ಬಿಸಿಲಿನಿಂದ ಕಾಯುತ್ತದೆ. ಆದರೆ ಬಿಸಿಲು ತಾಗದ ಜಾಗಗಳಲ್ಲಿ ಆ ಕಾವಲಿನಿಂದ ಪ್ರಯೋಜನವಿಲ್ಲ. ಭಾರತೀಯರಲ್ಲಿ ಮೆಲನೋಮ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನ ಅಡಿ, ಬಾಯಿ, ಮೂಗು ಮತ್ತು ಗುದದ ಒಳಪೊರೆಗಳಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಪತ್ತೆಯಾದದ್ದೂ ಇದೇ ಬಗೆಯದು. ಫುಟ್‌ಬಾಲ್ ಆಡುವಾಗ ಆದ ಗಾಯವೆಂದೇ ಮೊದಲು ಭಾವಿಸಲಾಗಿತ್ತು. 1981ರಲ್ಲಿ, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಒಂದು ಅಕ್ಷರದ ಬದಲಾವಣೆ

ರೋಗ ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹರಡಿದ ಮೇಲೆ ಅದನ್ನು ಮುಂದುವರಿದ ಹಂತ ಎನ್ನುತ್ತಾರೆ. 2011ಕ್ಕೆ ಮೊದಲು ಈ ಹಂತ ತಲುಪಿದವರಲ್ಲಿ ಹೆಚ್ಚಿನವರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 1970ರ ದಶಕದ ಡಕಾರ್ಬಜೀನ್ ಎಂಬ ಕೀಮೊ ಔಷಧಕ್ಕೆ ಗೆಡ್ಡೆ ಕುಗ್ಗುತ್ತಿದ್ದುದು ಹತ್ತರಲ್ಲಿ ಒಬ್ಬಿಬ್ಬರಿಗೆ ಮಾತ್ರ.

ದಾರಿ ತೆರೆದದ್ದು 2002ರಲ್ಲಿ. ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಮೆಲನೋಮ ಗೆಡ್ಡೆಗಳಲ್ಲಿ ಬಿ-ರಾಫ್ ಎಂಬ ಜೀನ್ ಮತ್ತೆ ಮತ್ತೆ ಕೆಟ್ಟಿರುವುದನ್ನು ಕಂಡರು. ಕೆಟ್ಟದ್ದು ಸಾಮಾನ್ಯವಾಗಿ ಒಂದೇ ಅಕ್ಷರ. ಅದರಿಂದ ಬಿ-ರಾಫ್ ಪ್ರೋಟೀನಿನ 600ನೇ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೊ ಆಮ್ಲದ ಬದಲು ಗ್ಲುಟಾಮಿಕ್ ಆಮ್ಲ ಬಂದು ಕೂರುತ್ತದೆ. ‘ವಿ600ಇ’ ಎಂದು ವರದಿಗಳಲ್ಲಿ ಬರೆಯುವುದು ಇದನ್ನೇ.

ಬಿ-ರಾಫ್‌ನ ಕೆಲಸ ಜೀವಕೋಶಕ್ಕೆ ‘ಬೆಳೆ, ಎರಡಾಗು’ ಎಂಬ ಸಂದೇಶ ದಾಟಿಸುವುದು. ಸಂದೇಶ ಬಂದಾಗ ಚಾಲೂ ಆಗಿ, ಆಮೇಲೆ ಆರಬೇಕು. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ನೀರು ಹಾರಿಸುವ ಪಂಪ್‌ಸೆಟ್ಟಿನ ಸ್ಟಾರ್ಟರ್ ಚಾಲೂ ಸ್ಥಿತಿಯಲ್ಲೇ ಕಚ್ಚಿಕೊಂಡರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ; ನಿಲ್ಲಿಸುವವರೇ ಇಲ್ಲ.

ಕೆಟ್ಟ ಬಿ-ರಾಫ್ ಅನ್ನು ತಡೆಯುವ ವೆಮುರಾಫೆನಿಬ್ ಮಾತ್ರೆಗೆ 2011ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಸಿಗೆ ಹಿಡಿದಿದ್ದವರು ಕೆಲವೇ ವಾರಗಳಲ್ಲಿ ಎದ್ದು ಓಡಾಡಿದರು. ಆದರೆ ಹಲವರಲ್ಲಿ ತಿಂಗಳುಗಳೊಳಗೆ ರೋಗ ಮರಳಿತು. ಬಿ-ರಾಫ್ ದಾರಿ ಮುಚ್ಚಿದರೆ ಗೆಡ್ಡೆ ಅದರ ಮುಂದಿನ ಕೊಂಡಿಯಾದ ಮೆಕ್ ಮೂಲಕವೋ, ಪಕ್ಕದ ದಾರಿಯಿಂದಲೋ ನುಸುಳುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ತಡೆಯುವ ಕ್ರಮ ಬಂತು. ಡಬ್ರಾಫೆನಿಬ್, ಟ್ರಮೆಟಿನಿಬ್ ಜೋಡಿ ಪಡೆದವರಲ್ಲಿ ಶೇ 34ರಷ್ಟು ಮಂದಿ ಐದು ವರ್ಷದ ನಂತರವೂ ಬದುಕಿದ್ದರು.

ಪರೀಕ್ಷೆಯಿಲ್ಲದೆ ಮಾತ್ರೆ ಬೇಡ

ಬಿ-ರಾಫ್ ಕೆಟ್ಟಿಲ್ಲದವರಿಗೆ ಬರೀ ಬಿ-ರಾಫ್ ತಡೆಯುವ ಮಾತ್ರೆ ಕೊಟ್ಟರೆ ಗುಣವಾಗದೆ ಉಳಿಯುವುದಷ್ಟೇ ಅಲ್ಲ, ಕೇಡೂ ಆಗಬಹುದು. ಎನ್-ರಾಸ್ ಎಂಬ ಇನ್ನೊಂದು ಜೀನ್ ಕೆಟ್ಟಿರುವ ಕೋಶಗಳಲ್ಲಿ ಇದೇ ಔಷಧ ಬೆಳವಣಿಗೆಯ ಸಂದೇಶವನ್ನು ಇನ್ನಷ್ಟು ಜೋರು ಮಾಡುತ್ತದೆ. ಆದ್ದರಿಂದ ಜೀನ್ ಪರೀಕ್ಷೆ ಇಲ್ಲಿ ಚಿಕಿತ್ಸೆಯ ಮೊದಲ ಮೆಟ್ಟಿಲು.

ನಮ್ಮ ವಿಷಯ ಬೇರೆಯಾಗುವುದು ಇಲ್ಲಿ. ಪಾಶ್ಚಾತ್ಯರ ಚರ್ಮದ ಮೆಲನೋಮಗಳಲ್ಲಿ ಅರ್ಧದಷ್ಟರಲ್ಲಿ ಬಿ-ರಾಫ್ ಕೆಟ್ಟಿರುತ್ತದೆ. ಅಂಗಾಲು, ಉಗುರಿನ ಮೆಲನೋಮಗಳಲ್ಲಿ ಆ ಪ್ರಮಾಣ ಶೇ 10ರಿಂದ 20ರ ಆಸುಪಾಸು. ಹೆಸರುವಾಸಿ ಮಾತ್ರೆಗಳು ನಮ್ಮ ಬಹುಪಾಲು ರೋಗಿಗಳಿಗೆ ಹೊಂದುವುದಿಲ್ಲ ಎಂದಾಯಿತು. ಬದಲಿಗೆ ಅಂಗಾಲು ಮತ್ತು ಒಳಪೊರೆಯ ಮೆಲನೋಮಗಳಲ್ಲಿ ಕಿಟ್ ಎಂಬ ಜೀನ್ ಕೆಟ್ಟಿರುವುದು ಹೆಚ್ಚು. ಇದು ಬೆಳಕಿಗೆ ಬಂದದ್ದು 2006ರಲ್ಲಿ.

ಕಿಟ್ ತಡೆಯಬಲ್ಲ ಇಮಾಟಿನಿಬ್ ಭಾರತಕ್ಕೆ ಹೊಸದಲ್ಲ. ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ವರ್ಷಗಳಿಂದ ಬಳಕೆಯಲ್ಲಿದೆ. 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ಅದರ ಅಗ್ಗದ ಜೆನರಿಕ್ ರೂಪ ಇಲ್ಲಿ ಉಳಿದುಕೊಂಡಿತು. ಕಿಟ್ ಕೆಟ್ಟಿರುವ ಮೆಲನೋಮದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದರಿಂದ ಗೆಡ್ಡೆ ಕುಗ್ಗುತ್ತದೆ. ದೊಡ್ಡ ಗೆಲುವಲ್ಲ ನಿಜ. ಆದರೆ ಕೈಗೆಟಕುವ ಬೆಲೆಯ ಅವಕಾಶ. ಪರೀಕ್ಷೆಯೇ ಮಾಡಿಸದಿದ್ದರೆ ಅದೂ ಕೈತಪ್ಪುತ್ತದೆ.

ಇನ್ನೊಂದು ದಾರಿ ಇಮ್ಯುನೊಥೆರಪಿ. ದೇಹದ ರೋಗನಿರೋಧಕ ಕೋಶಗಳಿಗೆ ಕ್ಯಾನ್ಸರ್ ಹಾಕುವ ತಡೆಯನ್ನು ಇದು ತೆಗೆಯುತ್ತದೆ. ಇದರ ಮೂಲಸಂಶೋಧನೆಗೆ ಜೇಮ್ಸ್ ಆಲಿಸನ್, ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಇಪಿಲಿಮುಮಾಬ್, ನಿವೊಲುಮಾಬ್ ಎರಡನ್ನೂ ಪಡೆದವರಲ್ಲಿ ಶೇ 43ರಷ್ಟು ಮಂದಿ ಹತ್ತು ವರ್ಷದ ನಂತರವೂ ಬದುಕಿರುವುದು ದೊಡ್ಡ ಅಧ್ಯಯನವೊಂದರಲ್ಲಿ ಕಂಡಿದೆ. ಬಿ-ರಾಫ್ ಕೆಟ್ಟಿದ್ದವರಲ್ಲೂ ಮೊದಲು ಇಮ್ಯುನೊಥೆರಪಿ ಕೊಟ್ಟು, ಮಾತ್ರೆಯನ್ನು ಆಮೇಲಿಗೆ ಇಟ್ಟುಕೊಂಡಾಗ ಹೆಚ್ಚು ಮಂದಿ ಬದುಕಿದರು. ಆದರೆ ಇಲ್ಲೂ ಜೀನ್‌ಗಳ ಮಾತು ಬರುತ್ತದೆ. ಬಿಸಿಲಿನಿಂದ ಹುಟ್ಟಿದ ಗೆಡ್ಡೆಯಲ್ಲಿ ಸಾವಿರಾರು ಮ್ಯುಟೇಶನ್‌ಗಳು, ಅಂದರೆ ಜೀನ್ ಬದಲಾವಣೆಗಳು, ಇರುವುದರಿಂದ ನಿರೋಧಕ ಕೋಶಗಳಿಗೆ ಅದು ಪರಕೀಯವೆಂದು ಬೇಗ ಗೊತ್ತಾಗುತ್ತದೆ. ಅಂಗಾಲಿನ ಗೆಡ್ಡೆಯಲ್ಲಿ ಅಂಥ ಗುರುತುಗಳು ಕಡಿಮೆ, ಫಲವೂ ಸಾಮಾನ್ಯವಾಗಿ ಕಡಿಮೆ. ಬೆಲೆಯಂತೂ ಕೂಲಿ ನಂಬಿದ ಮನೆಯ ಅಳವಿಗೆ ಮೀರಿದ್ದು.

ಬೆಂಗಳೂರಿನವರೆಗಿನ ದಾರಿ

ಅಮ್ಮತ್ತಿಯಲ್ಲಿ ತೋಟದ ಜನರಿಗೆ ಹತ್ತಿರವಿರುವ ಆರ್‌ಐಎಚ್‌ಪಿ ಆಸ್ಪತ್ರೆ ಇದೆ. ಕ್ಯಾನ್ಸರ್ ಚಿಕಿತ್ಸೆಗೆಂದರೆ ಸುಮಾರು ನೂರು ಕಿಲೋಮೀಟರ್ ದೂರದ ಮೈಸೂರಿಗೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕು. ಜೀನ್ ಪರೀಕ್ಷೆಗೆ ಮಾತ್ರ ರೋಗಿಯೇ ಹೋಗಬೇಕೆಂದಿಲ್ಲ. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿದ ‘ಬ್ಲಾಕ್’ ಪ್ರಯಾಣ ಮಾಡಿದರೆ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರಾಂಡ್ ಸೇರಿದಂತೆ ಇಂಥ ಪರೀಕ್ಷೆ ಮಾಡುವ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ. ಆದ್ದರಿಂದ ಬ್ಲಾಕನ್ನು ಕಳೆಯದೆ ಇಟ್ಟುಕೊಳ್ಳಬೇಕು. ‘ಬಿ-ರಾಫ್ ಜೊತೆಗೆ ಕಿಟ್, ಎನ್-ರಾಸ್ ಕೂಡ ನೋಡುತ್ತೀರಾ?’ ಎಂದು ಡಾಕ್ಟರನ್ನು ಕೇಳಬೇಕು.

ವರದಿಯಲ್ಲಿ ಜೀನ್ ಎಂಬ ಮಾತು ಕಂಡೊಡನೆ ಮನೆಯವರಿಗೆ ಮಕ್ಕಳ ಚಿಂತೆ ಹತ್ತುತ್ತದೆ. ಬಿ-ರಾಫ್, ಕಿಟ್, ಎನ್-ರಾಸ್‌ಗಳ ಈ ಬದಲಾವಣೆಗಳು ಬದುಕಿನ ನಡುವೆ ಆ ಗೆಡ್ಡೆಯ ಕೋಶಗಳಲ್ಲಿ ಆದವು. ಅವು ತಂದೆ ತಾಯಿಯಿಂದ ಬಂದವಲ್ಲ, ಮಕ್ಕಳಿಗೆ ಹೋಗುವಂಥವೂ ಅಲ್ಲ. ವಂಶದಲ್ಲಿ ಹರಿದು ಬರುವ ಮೆಲನೋಮ ಬೇರೆ, ಅದು ಅಪರೂಪ.

ಇಷ್ಟೆಲ್ಲ ವಿಜ್ಞಾನದ ನಂತರವೂ ಅತಿ ದೊಡ್ಡ ಅಂತರ ಇರುವುದು ಔಷಧ ಔಷಧಗಳ ನಡುವೆ ಅಲ್ಲ. ಬೇಗ ಬಂದವರಿಗೂ ತಡವಾಗಿ ಬಂದವರಿಗೂ ನಡುವೆ. ಅಮೆರಿಕದ ಲೆಕ್ಕದಲ್ಲಿ, ಹರಡುವ ಮೊದಲೇ ಕತ್ತರಿಸಿ ತೆಗೆದ ಮೆಲನೋಮದಲ್ಲಿ ಐದು ವರ್ಷ ದಾಟುವವರು ನೂರಕ್ಕೆ 95ಕ್ಕೂ ಹೆಚ್ಚು. ದೂರದ ಅಂಗಗಳಿಗೆ ಹರಡಿದ ಮೇಲೆ ಸುಮಾರು ಮೂರರಲ್ಲಿ ಒಬ್ಬರು. ಅಂಗಾಲಿನ ಮಚ್ಚೆ ಹಿಗ್ಗುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಉಗುರಿನಲ್ಲಿ ಕಪ್ಪು ಗೆರೆ ಅಗಲವಾಗುತ್ತಿದ್ದರೆ, ಗಾಯ ವಾರಗಟ್ಟಲೆ ಮಾಯದಿದ್ದರೆ ಬ್ಲೇಡಿನಿಂದ ಕೆರೆಯದೆ ಡಾಕ್ಟರಿಗೆ ತೋರಿಸಬೇಕು.

ತೋಟದ ಕಾರ್ಮಿಕರ ವೈದ್ಯಕೀಯ ಸೌಲಭ್ಯದ ಹೊಣೆಯನ್ನು 1951ರ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಲೈನ್ ಮನೆಗಳ ಬಳಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಸಕ್ಕರೆ ನೋಡಿದ ಮೇಲೆ ‘ಬೂಟು ಬಿಚ್ಚಿ, ಅಂಗಾಲು ತೋರಿಸಿ’ ಎನ್ನಲು ಒಂದು ನಿಮಿಷ ಸಾಕು. ಅದಕ್ಕೆ ಯಂತ್ರ ಬೇಡ, ಜೀನ್ ಪರೀಕ್ಷೆಯೂ ಬೇಡ.